ಕ್ರಿಸ್ತಜಯಂತಿಯ ಸೇವೆ: ಒಂದು ದಿನದ್ದಲ್ಲ, ಸರದಿಯದ್ದು



ಡಿಸೆಂಬರ್ ಬಂತೆಂದರೆ ನಮ್ಮ ಉತ್ತರ ಬೆಂಗಳೂರಿನ ಧರ್ಮಕೇಂದ್ರಗಳಲ್ಲಿ ಗೋದಲಿ ಕಟ್ಟುವವರ, ಕ್ಯಾರಲ್ ಹಾಡುವವರ ಓಡಾಟ ಶುರುವಾಗುತ್ತದೆ. ಅದರ ಜೊತೆಗೇ ಇನ್ನೊಂದು ಓಡಾಟವೂ ಇರುತ್ತದೆ. ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಸದಸ್ಯರು ಅಕ್ಕಿ ಬೇಳೆ ಹೊಂದಿಸುತ್ತಾರೆ. ಯುವಜನರು ಕಂಬಳಿಗೆ ಹಣ ಕೂಡಿಸುತ್ತಾರೆ. ಮನೆಯಲ್ಲಿ ಕಲ್‌ಕಲ್, ಕಜ್ಜಾಯ ಮಾಡುವ ತಾಯಂದಿರು ಒಂದು ಪಾಲು ತೆಗೆದಿಡುತ್ತಾರೆ. ರೋಟರಿ, ಲಯನ್ಸ್‌ನಂತಹ ಸೇವಾ ಕ್ಲಬ್ಬುಗಳವರೂ ವರ್ಷದ ಕೊನೆಗೆ ಬಟ್ಟೆ ಹಂಚುವುದು, ಆರೋಗ್ಯ ಶಿಬಿರ ನಡೆಸುವುದು ಉಂಟು.

ಇದೆಲ್ಲ ಒಳ್ಳೆಯದೇ. ಆದರೆ ಈ ಒಳ್ಳೆಯದೆಲ್ಲ ಹೆಚ್ಚಾಗಿ ಡಿಸೆಂಬರ್ 20ರಿಂದ 25ರ ಒಳಗೆ ಬಂದು ಬೀಳುತ್ತದೆ. ಜನವರಿ 10ಕ್ಕೆ ಅದೇ ಮನೆಯ ಅಕ್ಕಿ ಡಬ್ಬದಲ್ಲಿ ಏನಿರುತ್ತೆ? ಸೇವೆ ಮಾಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಇದು ಹೊಸ ಪ್ರಶ್ನೆಯೂ ಅಲ್ಲ. ಸಂತ ವಿನ್ಸೆಂಟ್ ದೆ ಪಾಲರೇ ನಾಲ್ಕು ನೂರು ವರ್ಷಗಳ ಹಿಂದೆ ಇದನ್ನು ಎದುರಿಸಿದ್ದರು.

ಶಾತಿಯೋಂ ಊರಿನ ಪಾಠ

1617ರಲ್ಲಿ ವಿನ್ಸೆಂಟರು ಫ್ರಾನ್ಸ್ ದೇಶದ ಶಾತಿಯೋಂ ಎಂಬ ಸಣ್ಣ ಊರಿನಲ್ಲಿ ಧರ್ಮಕೇಂದ್ರದ ಗುರುಗಳಾಗಿದ್ದರು. ಆಗಸ್ಟ್ ತಿಂಗಳ ಒಂದು ಭಾನುವಾರ ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ, ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡಿಕೊಳ್ಳುವವರೇ ಇಲ್ಲ ಎಂಬ ಸುದ್ದಿ ಬಂತು. ಅವರು ಪ್ರಬೋಧನೆಯಲ್ಲಿ ಆ ವಿಷಯ ಹೇಳಿದರು. ಸಂಜೆ ತಾವೂ ಆ ಮನೆಗೆ ಹೊರಟರೆ, ದಾರಿಯುದ್ದಕ್ಕೂ ಜನ! ಆಹಾರ ಹೊತ್ತು ಹೋಗುವ ಹೆಂಗಸರು, ಕೊಟ್ಟು ಬರುವ ಹೆಂಗಸರು.

ಬೇರೆಯವರಾಗಿದ್ದರೆ ಸಂತೋಷಪಟ್ಟು ಸುಮ್ಮನಾಗುತ್ತಿದ್ದರೇನೋ. ವಿನ್ಸೆಂಟರಿಗೆ ಸಂತೋಷದ ಜೊತೆ ಚಿಂತೆಯೂ ಆಯಿತು. ಪ್ರೀತಿ ದೊಡ್ಡದು, ಏರ್ಪಾಡು ಮಾತ್ರ ಸರಿಯಿಲ್ಲ. ಇವತ್ತು ಬಂದದ್ದರಲ್ಲಿ ಅರ್ಧ ಹಾಳಾಗುತ್ತೆ, ಆಮೇಲೆ ಆ ಮನೆಯವರು ಮತ್ತೆ ಮೊದಲಿನ ಸ್ಥಿತಿಗೇ ಬೀಳುತ್ತಾರೆ ಎಂದು ಅವರು ಕಂಡುಕೊಂಡರು. ಕೆಲವೇ ದಿನಗಳಲ್ಲಿ ಊರಿನ ಹೆಂಗಸರನ್ನು ಸೇರಿಸಿ, ದಿನಕ್ಕೊಬ್ಬರಂತೆ ಸರದಿಯಲ್ಲಿ ಅಡುಗೆ ಮಾಡಿ ಬಡ ರೋಗಿಗಳಿಗೆ ಒಯ್ಯುವ ಏರ್ಪಾಡು ಮಾಡಿದರು. ಅದಕ್ಕೊಂದು ನಿಯಮಾವಳಿಯನ್ನೂ ಬರೆದರು. ಅದರಲ್ಲಿ ಒಂದು ಸೂಕ್ಷ್ಮವಾದ ಮಾತಿದೆ. ಜೊತೆಗೆ ಯಾರಾದರೂ ಇರುವ ರೋಗಿಯ ಮನೆಗೆ ಮೊದಲು ಹೋಗಬೇಕು, ಒಂಟಿಯಾಗಿರುವವರ ಮನೆಗೆ ಕೊನೆಗೆ ಹೋಗಬೇಕು. ಏಕೆಂದರೆ ಕೊನೆಗೆ ಹೋದರೆ ಅವರ ಹತ್ತಿರ ಹೆಚ್ಚು ಹೊತ್ತು ಕೂರಬಹುದು!

ಮನೆಗೆ ಹೋಗುವುದೇ ಮುಖ್ಯ

ಇದಾಗಿ ಎರಡು ಶತಮಾನಗಳ ನಂತರ, 1833ರ ಏಪ್ರಿಲ್ 23ರಂದು, ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝನಾಮ್ ಎಂಬ ವಿದ್ಯಾರ್ಥಿ ತನ್ನ ಗೆಳೆಯರೊಂದಿಗೆ ಒಂದು ಸಣ್ಣ ಸಭೆ ಶುರುಮಾಡಿದರು. ಅಂದು ಅವರಿಗೆ 20 ತುಂಬಿದ ದಿನ. ಬಡವರ ಓಣಿಗಳನ್ನು ಚೆನ್ನಾಗಿ ಬಲ್ಲ ಸಿಸ್ಟರ್ ರೋಸಲಿ ರೆಂಡು ಈ ಹುಡುಗರಿಗೆ ಯಾವ ಮನೆಗೆ ಹೋಗಬೇಕು, ಹೇಗೆ ಮಾತಾಡಬೇಕು ಎಂದು ಕಲಿಸಿಕೊಟ್ಟರು. ಅದೇ ಮುಂದೆ ಸಂತ ವಿನ್ಸೆಂಟ್ ದೆ ಪಾಲ್ ಸಭೆಯಾಗಿ ಲೋಕವೆಲ್ಲ ಹರಡಿತು. ಓಝನಾಮ್ ಅವರನ್ನು 1997ರಲ್ಲಿ, ಸಿಸ್ಟರ್ ರೋಸಲಿಯವರನ್ನು 2003ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಪುನೀತರೆಂದು ಘೋಷಿಸಿದರು.

ಸಭೆಯ ಕ್ರಮ ಇಂದಿಗೂ ಸರಳ. ಸದಸ್ಯರು ತಪ್ಪದೆ ಸೇರುತ್ತಾರೆ, ಪ್ರಾರ್ಥಿಸುತ್ತಾರೆ. ಒಂದು ಚೀಲ ಸುತ್ತು ಬರುತ್ತದೆ. ಅದರಲ್ಲಿ ಯಾರು ಎಷ್ಟು ಹಾಕಿದರು ಅಂತ ಪಕ್ಕದವರಿಗೂ ಗೊತ್ತಾಗದು. ಆಮೇಲೆ ಇಬ್ಬಿಬ್ಬರಾಗಿ ಮನೆಭೇಟಿಗೆ ಹೋಗುತ್ತಾರೆ. ಯಾವ ಧರ್ಮ, ಯಾವ ಜಾತಿ ಅಂತ ನೋಡಿ ಸಹಾಯ ಮಾಡುವ ಪದ್ಧತಿ ಇಲ್ಲ. ಮನೆಯೊಳಗೆ ಕೇಳಿದ ಕಷ್ಟ ಹೊರಗೆ ಹೇಳುವಂತಿಲ್ಲ.

ಕ್ರಿಸ್ಮಸ್ ಸಮಯದಲ್ಲಿ ನಾವು ಮರೆಯುವುದು ಇದನ್ನೇ. ಮನೆಗೆ ಹೋಗುವ ಬದಲು ಜನರನ್ನೇ ಕರೆಸಿಕೊಳ್ಳುತ್ತೇವೆ. ಶಾಮಿಯಾನ ಹಾಕಿ, ಸಾಲಾಗಿ ನಿಲ್ಲಿಸಿ, ಒಂದೊಂದು ಕಿಟ್‌ಗೆ ಒಂದೊಂದು ಫೋಟೋ ತೆಗೆಯುತ್ತೇವೆ. ಆ ಫೋಟೋದಲ್ಲಿ ಕೈಚಾಚಿ ನಿಂತ ಅಮ್ಮನಿಗೂ ನೆಂಟರಿದ್ದಾರೆ, ಶಾಲೆಗೆ ಹೋಗುವ ಮಗಳಿದ್ದಾಳೆ. ಎಡಗೈಗೆ ತಿಳಿಯದಂತೆ ಕೊಡಬೇಕೆಂದು ನಮ್ಮ ಪ್ರಭು ಕಲಿಸಿದ್ದು ಕೊಡುವವರ ಅಹಂಕಾರ ಕಳೆಯಲು ಮಾತ್ರವಲ್ಲ, ಪಡೆಯುವವರ ಮಾನ ಉಳಿಸಲು ಕೂಡ ಎಂದು ತಿಳಿಯಬೇಕು.

ನಮ್ಮ ಭಾಗದ ಕಷ್ಟದ ಸ್ವರೂಪ

ಉತ್ತರ ಬೆಂಗಳೂರು ಬೆಳೆದ ರೀತಿ ನೋಡಿ. ಯಲಹಂಕಕ್ಕೆ 1984ರಲ್ಲಿ ರೈಲ್ವೆ ಗಾಲಿ ಕಾರ್ಖಾನೆ ಬಂತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಆಮೇಲೆ ಹೆಬ್ಬಾಳದಿಂದ ಬಳ್ಳಾರಿ ರಸ್ತೆಯುದ್ದಕ್ಕೂ ಅಪಾರ್ಟ್‌ಮೆಂಟುಗಳು ಎದ್ದವು. ಅವುಗಳನ್ನು ಕಟ್ಟಲು ಉತ್ತರ ಕರ್ನಾಟಕದಿಂದ, ಹೊರ ರಾಜ್ಯಗಳಿಂದ ಕೆಲಸಗಾರರು ಬಂದು ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಯಶವಂತಪುರದಲ್ಲಿ ಮಂಡಿಗಳ ಹಮಾಲರು, ಅದರಾಚೆ ಪೀಣ್ಯದ ಕಡೆ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು ಇದ್ದಾರೆ. ಆರ್.ಟಿ. ನಗರದಂಥ ಹಳೆಯ ಬಡಾವಣೆಗಳಲ್ಲಿ ಕಷ್ಟ ಇನ್ನೊಂದು ತರಹ. ಹೊರಗಿನಿಂದ ನೋಡಿದರೆ ಗಟ್ಟಿ ಮನೆ, ಒಳಗೆ ಮಾತ್ರೆಗೆ ದುಡ್ಡಿಲ್ಲದ ವಯಸ್ಸಾದ ದಂಪತಿ.

ಇದರಿಂದ ಎರಡು ತೊಂದರೆ. ಮೊದಲನೆಯದು, ಕಟ್ಟಡ ಮುಗಿದ ಕೂಡಲೇ ಶೆಡ್ಡಿನವರು ಬೇರೆ ಕಡೆಗೆ ಹೋಗುತ್ತಾರೆ. ಹೋದ ವರ್ಷದ ಪಟ್ಟಿ ಹಿಡಿದುಕೊಂಡು ಹೋದರೆ ಅಲ್ಲಿ ಗೇಟು, ಸೆಕ್ಯೂರಿಟಿ ಇರುತ್ತೆ, ಜನ ಇರಲ್ಲ. ಎರಡನೆಯದು, ರಸ್ತೆ ಪಕ್ಕದ ಶೆಡ್ಡಿಗೆ ಎಲ್ಲರೂ ಹೋಗುತ್ತಾರೆ, ಹಿಂದಿನ ಓಣಿಗೆ ಯಾರೂ ಹೋಗುವುದಿಲ್ಲ. ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಕಿಲೋ ಅಕ್ಕಿ ಬೇಕು ಅಂತ ಇಟ್ಕೊಳ್ಳಿ. ಹತ್ತು ಕಿಲೋ ಒಂದು ವಾರಕ್ಕೆ ಬರುತ್ತೆ. ಮೂರು ಸಂಘಗಳು ಅದೇ ವಾರ ಅದೇ ಮನೆಗೆ ಹತ್ತತ್ತು ಕಿಲೋ ಕೊಟ್ಟರೆ, ಇಡಲು ಜಾಗವಿಲ್ಲದ ಶೆಡ್ಡಿನಲ್ಲಿ ಹೆಗ್ಗಣ ತಿನ್ನುತ್ತೆ, ಇಲ್ಲವೇ ಅರ್ಧ ಬೆಲೆಗೆ ಅಂಗಡಿಗೆ ಹೋಗುತ್ತೆ. ಅದೇ ಮೂವತ್ತು ಕಿಲೋ ಮೂರು ಮನೆಗೆ ಹಂಚಿದರೆ, ಅಥವಾ ಒಂದೇ ಮನೆಗೆ ಮೂರು ತಿಂಗಳು ಹತ್ತತ್ತು ಕಿಲೋ ಕೊಟ್ಟರೆ ಎಷ್ಟು ವ್ಯತ್ಯಾಸ, ಅಲ್ವೇ?

ಆಗಮನ ಕಾಲದ ನಾಲ್ಕು ವಾರ

ಕ್ರಿಸ್ತಜಯಂತಿಗೆ ಮುಂಚೆ ಧರ್ಮಸಭೆ ನಮಗೆ ನಾಲ್ಕು ಭಾನುವಾರಗಳನ್ನು ಕೊಟ್ಟಿದೆ. ಸೇವೆಯ ತಯಾರಿಗೂ ಅದೇ ಲೆಕ್ಕ ಸಾಕು.

ಮೊದಲ ವಾರ: ಇಬ್ಬಿಬ್ಬರಾಗಿ ಓಣಿಗಳಿಗೆ ಹೋಗಿ ಬನ್ನಿ. ಏನನ್ನೂ ಕೊಡಬೇಡಿ, ಕೊಡುತ್ತೇವೆ ಎಂದೂ ಹೇಳಬೇಡಿ. ಕೂತು ಮಾತಾಡಿ. ಮನೆಯಲ್ಲಿ ಎಷ್ಟು ಜನ, ಯಾರಿಗೆ ಕಾಯಿಲೆ, ಯಾವ ಮಗು ಶಾಲೆ ಬಿಟ್ಟಿದೆ, ಅಡುಗೆಗೆ ಗ್ಯಾಸ್ ಇದೆಯೇ ಅಥವಾ ಸೌದೆಯೇ ಎಂದು ತಿಳಿದುಕೊಳ್ಳಿ. ಬಿಹಾರ, ಒಡಿಶಾದವರಿಗೆ ರಾಗಿಹಿಟ್ಟು ಕೊಟ್ಟರೆ ಅಡುಗೆ ಮಾಡಲು ಬರುವುದಿಲ್ಲ. ಇಂಥದ್ದು ಹೋಗಿ ನೋಡಿದರೆ ಮಾತ್ರ ಗೊತ್ತಾಗೋದು.

ಎರಡನೇ ವಾರ: ಪಕ್ಕದ ಧರ್ಮಕೇಂದ್ರ, ಮಹಿಳಾ ಸಂಘ, ಊರಿನ ಸೇವಾ ಕ್ಲಬ್ಬು, ಇವರೊಂದಿಗೆ ಒಂದು ಸಂಜೆ ಕೂತು ಓಣಿ ಹಂಚಿಕೊಳ್ಳಿ. ಮನೆಯವರ ಕಷ್ಟದ ವಿವರ ಹೇಳಬೇಕಾಗಿಲ್ಲ. ಈ ಓಣಿ ನಿಮ್ಮದು, ಆ ಓಣಿ ನಮ್ಮದು ಅಂದರೆ ಸಾಕು. ಕಂಬಳಿ ಕೊಡುವುದಿದ್ದರೆ ಈ ವಾರವೇ ಕೊಟ್ಟುಬಿಡಿ. ಚಳಿ ಕ್ರಿಸ್ಮಸ್ ಬರಲಿ ಅಂತ ಕಾಯುವುದಿಲ್ಲ.

ಮೂರನೇ ವಾರ: ಕೂಡಿದ ಹಣವನ್ನು ಮೂರು ಪಾಲು ಮಾಡಿ. ಒಂದು ಪಾಲು ಹಬ್ಬಕ್ಕೆ, ಒಂದು ಜನವರಿಗೆ, ಒಂದು ಫೆಬ್ರವರಿಗೆ. ಈ ತೀರ್ಮಾನ ಇದ್ದರೆ ಮಾತ್ರ ಸರದಿ ನಡೆಯುತ್ತದೆ.

ನಾಲ್ಕನೇ ವಾರ: ಮನೆಗೇ ಒಯ್ದು ಕೊಡಿ. ದಿನಸಿಯ ಜೊತೆ ಹಬ್ಬದ ತಿಂಡಿಯೂ ಇರಲಿ. ಬಡವರಿಗೆ ಅಗತ್ಯದ ವಸ್ತು ಮಾತ್ರ ಸಾಕು ಎಂಬ ಲೆಕ್ಕ ಸರಿಯಲ್ಲ, ಮಕ್ಕಳಿಗೆ ಕೇಕ್ ಕೂಡ ಬೇಕು. ಒಂಟಿಯಾಗಿರುವವರ ಮನೆಯನ್ನು ಕೊನೆಗೆ ಇಟ್ಟುಕೊಳ್ಳಿ, ಶಾತಿಯೋಂನ ಹೆಂಗಸರಂತೆ.

ಜನವರಿಯ ಭೇಟಿ

ಹಬ್ಬ ಮುಗಿದ ಮೇಲೆ, ಸಂಕ್ರಾಂತಿಯ ಹೊತ್ತಿಗೆ ಮಾಡುವ ಭೇಟಿಯೇ ನಿಜವಾದ ಪರೀಕ್ಷೆ. ಆಗ ದಿನಸಿಯ ಜೊತೆ ಕಾಗದ ಪತ್ರದ ಕೆಲಸವನ್ನೂ ಕೈಗೆತ್ತಿಕೊಳ್ಳಬಹುದು. ಕಿಟ್ ಒಂದು ವಾರ ಇರುತ್ತೆ, ಸರಿಯಾದ ಕಾಗದ ವರ್ಷಗಟ್ಟಲೆ ಅನ್ನ ಕೊಡುತ್ತೆ.

ಕಟ್ಟಡ ಕೆಲಸದವರು 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಆ ಕೆಲಸ ಮಾಡಿದ್ದರೆ, ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಹೆರಿಗೆ, ಅಪಘಾತ, ಮಕ್ಕಳ ಓದು ಇವುಗಳಿಗೆ ಅಲ್ಲಿ ನೆರವಿದೆ. ಎಷ್ಟೋ ಮಂದಿಗೆ 90 ದಿನದ ದೃಢೀಕರಣ ಪತ್ರವೇ ಅಡ್ಡಿ. ಮೇಸ್ತ್ರಿಯ ಬಳಿ ಜೊತೆಗೆ ಹೋಗಿ ಮಾತಾಡುವವರು ಬೇಕು.

ಹೊರ ರಾಜ್ಯದವರಿಗೆ ತಮ್ಮೂರಿನ ಆಹಾರ ಭದ್ರತಾ ಕಾಯ್ದೆಯ ಪಡಿತರ ಚೀಟಿ ಇದ್ದು, ಆಧಾರ್ ಜೋಡಣೆಯಾಗಿದ್ದರೆ, ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಪಡೆಯಬಹುದು. ವಯಸ್ಸಾದ ಬಡವರಿಗೆ ಸಂಧ್ಯಾ ಸುರಕ್ಷಾದಂತಹ ಪಿಂಚಣಿ ಯೋಜನೆಗಳಿವೆ. ಅರ್ಜಿ ಬರೆದುಕೊಟ್ಟು ನಾಡಕಚೇರಿಗೆ ಜೊತೆಯಲ್ಲಿ ಹೋಗಿ ಬಂದರೆ ಅದೇ ದೊಡ್ಡ ಉಪಕಾರ. ಶಾಲೆಯ ವಿಷಯಕ್ಕೆ ಬಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿನ ವರ್ಗಾವಣೆ ಪತ್ರ ಬರುವುದು ತಡವಾಯಿತು ಎಂದು ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಇದು ತಂದೆತಾಯಿಗೆ ಗೊತ್ತಿರುವುದು ಕಡಿಮೆ.

ಬಿಡದೆ ಮಾಡಿದರೆ ಏನಾಗುತ್ತದೆ?

ಸೇವಾ ಕ್ಲಬ್ಬುಗಳ ಇತಿಹಾಸದಲ್ಲೇ ಇದಕ್ಕೆ ಉತ್ತರವಿದೆ. 1905ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ರೋಟರಿ ಸಂಸ್ಥೆ 1985ರಲ್ಲಿ ಪೋಲಿಯೋ ನಿರ್ಮೂಲನೆಯ ಕೆಲಸಕ್ಕೆ ಇಳಿಯಿತು. ಸರ್ಕಾರ, ಆರೋಗ್ಯ ಕಾರ್ಯಕರ್ತರು, ಸಂಘಸಂಸ್ಥೆಗಳು ಸೇರಿ ಮನೆಮನೆಗೆ ಮತ್ತೆ ಮತ್ತೆ ಹೋದರು. ಎರಡು ಹನಿಗಾಗಿ ಭಾನುವಾರದ ಬೂತ್‌ಗಳು ನಮಗೆಲ್ಲ ನೆನಪಿವೆ. 2011ರ ಜನವರಿ ನಂತರ ಭಾರತದಲ್ಲಿ ಕಾಡು ಪೋಲಿಯೋ ಪ್ರಕರಣ ಕಾಣಲಿಲ್ಲ. 2014ರ ಮಾರ್ಚ್ 27ರಂದು ನಮ್ಮ ವಲಯವನ್ನು ಪೋಲಿಯೋ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಒಂದು ದಿನದ ದೊಡ್ಡ ಕಾರ್ಯಕ್ರಮದಿಂದ ಇದು ಆಗುತ್ತಿತ್ತೇ? ಅದೇ ಮನೆಗೆ ಮತ್ತೊಮ್ಮೆ ಹೋಗಿ ಬಾಗಿಲು ತಟ್ಟಿದ್ದರಿಂದ ಆಯಿತು.

ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಬಡವರ ವಿಶ್ವದಿನವನ್ನು ಸ್ಥಾಪಿಸಿದರು. 2017ರಿಂದ ಅದು ಪ್ರತಿವರ್ಷ ನವೆಂಬರ್‌ನಲ್ಲಿ, ಆಗಮನ ಕಾಲಕ್ಕೆ ಎರಡು ವಾರ ಮುಂಚೆ ಬರುತ್ತದೆ. ನಮ್ಮ ಸಿದ್ಧತೆ ಶುರುಮಾಡಲು ಅದಕ್ಕಿಂತ ಒಳ್ಳೆಯ ದಿನ ಬೇಕಿಲ್ಲ. ಆ ಭಾನುವಾರ ನಿಮ್ಮ ಧರ್ಮಕೇಂದ್ರದಲ್ಲಿ ಹತ್ತು ಜನ ನಿಂತರೆ ಐದು ಜೋಡಿಯಾಯಿತು. ಒಂದು ಜೋಡಿಗೆ ನಾಲ್ಕು ಮನೆ ಎಂದರೆ ಇಪ್ಪತ್ತು ಮನೆ. ಈ ಇಪ್ಪತ್ತು ಮನೆಗೆ ಫೆಬ್ರವರಿವರೆಗೂ ಹೋಗಿ ಬರುವುದು, ಇನ್ನೂರು ಕಿಟ್ ಒಂದೇ ಸಂಜೆ ಹಂಚುವುದಕ್ಕಿಂತ ಕಷ್ಟ. ಆದರೆ ಕ್ಯಾಲೆಂಡರ್ ಬದಲಾದ ಮೇಲೂ ಆ ಮನೆಗಳಲ್ಲಿ ಒಲೆ ಉರಿಯುತ್ತದೆ.

ಗೋದಲಿಯಲ್ಲಿ ಮಲಗಿದ ಕಂದನಿಗೂ ಊರಿನಲ್ಲಿ ಜಾಗ ಸಿಕ್ಕಿರಲಿಲ್ಲ. ಆತನನ್ನು ಹುಡುಕಿಕೊಂಡು ಕುರುಬರು ತಾವೇ ಹೋದರು. ನಾವೂ ಹೋಗೋಣ.

ಎಲ್ಲರಿಗೂ ಕ್ರಿಸ್ತಜಯಂತಿ ಮತ್ತು ಹೊಸ ವರ್ಷದ ಶುಭಾಶಯಗಳು.