ಹಾಡು, ಹೊತ್ತಗೆ, ಚಲಿಸುವ ಚಿತ್ರ: ‘ಗೋವಿನ ಹಾಡಿ’ನ ರೂಪಾಂತರಗಳು ಮತ್ತು ಏಳು ಮಾತ್ರೆಯ ನಡೆ

ಮಕ್ಕಳಿಗಾಗಿ ರಚಿತವಾದ ಪ್ರಸಿದ್ಧ ಚಿತ್ರಪುಸ್ತಕಗಳನ್ನು ಸಂಗೀತದೊಡನೆ ಚಲಿಸುವ ಚಿತ್ರಗಳನ್ನಾಗಿ ಮಾರ್ಪಡಿಸುವ ಪರಿಪಾಠ ಪಾಶ್ಚಾತ್ಯ ದೇಶಗಳಲ್ಲಿ ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ವ್ಯವಸ್ಥಿತವಾಗಿ ಬೆಳೆದುಬಂದಿದೆ. ಅಲ್ಲಿ ಸಾಮಾನ್ಯವಾಗಿ ಪುಸ್ತಕವೇ ಮೂಲ. ಸಂಗೀತ ಅದಕ್ಕೆ ಹೊರಗಿನಿಂದ ಬಂದು ಸೇರುವ ಅಂಗ. ಕನ್ನಡದಲ್ಲಿ ಈ ಬಗೆಯ ರೂಪಾಂತರಕ್ಕೆ ಒಳಗಾದ ಅತ್ಯಂತ ಪರಿಚಿತ ಕೃತಿಯಾದ ‘ಗೋವಿನ ಹಾಡಿ’ನ ಇತಿಹಾಸ ಇದಕ್ಕಿಂತ ಭಿನ್ನವಾಗಿದೆ. ಇಲ್ಲಿ ಮೊದಲು ಹುಟ್ಟಿದ್ದು ಹಾಡು. ಮಕ್ಕಳ ಚಿತ್ರಪುಸ್ತಕ ಬಹುಕಾಲದ ತರುವಾಯ ಬಂತು. ಚಲಿಸುವ ಚಿತ್ರ ತೀರ ಈಚಿನದು. ಹಾಡಿನಿಂದ ಹೊರಟ ಕಥೆ ಪುಸ್ತಕದ ಮೂಲಕ ಹಾದು ಮತ್ತೆ ಸಂಗೀತವನ್ನು ಕೂಡಿಕೊಳ್ಳುವಾಗ ಯಾವುದು ಉಳಿಯುತ್ತದೆ, ಯಾವುದು ಬಿಟ್ಟುಹೋಗುತ್ತದೆ ಎಂಬ ಪ್ರಶ್ನೆ ಜಾನಪದ ಅಧ್ಯಯನದ ದೃಷ್ಟಿಯಿಂದ ಮಹತ್ವದ್ದಾಗಿದೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಉಡುಪಿ ಜಿಲ್ಲೆಯ ವಂಡ್ಸೆ ಪರಿಸರ ತಕ್ಕ ನೆಲೆಯೊಂದನ್ನು ಒದಗಿಸುತ್ತದೆ. ಕುಂದಾಪುರದಿಂದ ಕೊಲ್ಲೂರಿನ ಕಡೆಗೆ ಸಾಗುವ ದಾರಿಯಲ್ಲಿರುವ ಈ ಊರಿನ ಸಮೀಪದ ಮಾರಣಕಟ್ಟೆ, ಬಡಗುತಿಟ್ಟು ಯಕ್ಷಗಾನದ ಬಯಲಾಟ ಮೇಳಕ್ಕೆ ಹೆಸರಾದ ಕ್ಷೇತ್ರ. ವಂಡ್ಸೆಯ ಬದಿಯಿಂದ ಹರಿದುಹೋಗುವ ಚಕ್ರಾ ನದಿ ಕಡಲನ್ನು ಸೇರುವ ಮುನ್ನ ಪಂಚಗಂಗಾವಳಿಯ ನೀರಿನಲ್ಲಿ ಬೆರೆಯುತ್ತದೆ. ಅದೇ ಹಿನ್ನೀರಿನ ನಡುವಿನ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ಸೂತ್ರದ ಗೊಂಬೆಯಾಟ ತಲೆಮಾರುಗಳಿಂದ ಉಳಿದುಬಂದಿದೆ. ಜಡವಾದ ಆಕೃತಿಯನ್ನು ಹಾಡಿನ ಬಲದಿಂದ ಚಲಿಸುವಂತೆ ಮಾಡುವ ಕಲೆ ಈ ಭಾಗದ ಪ್ರೇಕ್ಷಕರಿಗೆ ಅನಿಮೇಷನ್ ಬರುವುದಕ್ಕೆ ಬಹಳ ಮೊದಲೇ ಪರಿಚಿತವಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಹಾಡಿನ ಶರೀರ

‘ಗೋವಿನ ಹಾಡಿ’ನ ಕಥೆ ಸರ್ವವಿದಿತ. ಕಾಳಿಂಗನೆಂಬ ಗೊಲ್ಲನ ದೊಡ್ಡಿಯ ಪುಣ್ಯಕೋಟಿಯೆಂಬ ಹಸು ಹಸಿದ ಹುಲಿಯ ಕೈಗೆ ಸಿಕ್ಕುತ್ತದೆ. ಕರುವಿಗೆ ಹಾಲೂಡಿಸಿ ಮರಳಿ ಬರುವೆನೆಂದು ಮಾತು ಕೊಟ್ಟು, ಆ ಮಾತಿಗೆ ತಪ್ಪದೆ ಹಿಂದಿರುಗುತ್ತದೆ. ಅದರ ಸತ್ಯನಿಷ್ಠೆಯ ಮುಂದೆ ಹುಲಿ ಸೋಲುತ್ತದೆ. ಪಠ್ಯಪುಸ್ತಕಗಳ ಮೂಲಕ ನಾಡಿನ ಮಕ್ಕಳ ಹಲವು ಪೀಳಿಗೆಗಳನ್ನು ತಲುಪಿದ ಈ ಕಥೆಯನ್ನು ಸತ್ಯವಾಕ್ಯದ ನೀತಿಕಥೆಯೆಂದೇ ಸಾಮಾನ್ಯವಾಗಿ ವಿವೇಚಿಸಲಾಗಿದೆ. ಅದರ ಛಂದೋರೂಪದ ಕಡೆಗೆ ಹರಿದ ಗಮನ ಕಡಿಮೆ.

ಹಾಡು ನಾಲ್ಕು ಸಾಲಿನ ಪದ್ಯಗಳಲ್ಲಿದೆ. ಸಾಲುಗಳ ಎರಡನೆಯ ಅಕ್ಷರ ಪ್ರಾಸದಿಂದ ಬಂಧಿತವಾಗಿರುತ್ತದೆ. ಸಾಲಿನ ಒಳಗೆ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೆ ಒಂದು ಬಂದು ಏಳು ಮಾತ್ರೆಯ ಘಟಕಗಳಾಗುತ್ತವೆ. ಅಂತಹ ಎರಡು ಘಟಕ ಸೇರಿದರೆ ಹದಿನಾಲ್ಕು ಮಾತ್ರೆಯ ಒಂದು ಸಾಲು. ನಾಲ್ಕನೆಯ ಸಾಲು ಕೊನೆಯಲ್ಲಿ ತುಸು ಮೊಟಕುಗೊಂಡು ಹಾಡುವವರಿಗೆ ಉಸಿರು ತೆಗೆದುಕೊಳ್ಳಲು ಅವಕಾಶ ಕೊಡುತ್ತದೆ. ಅಲ್ಲಲ್ಲಿ ಮಾತ್ರೆ ಹೆಚ್ಚು ಕಡಿಮೆಯಾದರೂ ಹಾಡುವವರು ಎಳೆದೋ ಒತ್ತಿಯೋ ಅದನ್ನು ಸರಿದೂಗಿಸುತ್ತಾರೆ. ಇದು ಮೌಖಿಕ ಪರಂಪರೆಯ ಸಹಜ ಲಕ್ಷಣ.

ಮೂರು-ನಾಲ್ಕರ ಈ ನಡೆ ಭಾಮಿನಿ ಷಟ್ಪದಿಯ ನಡೆಯೂ ಹೌದು. ಕುಮಾರವ್ಯಾಸನ ಭಾರತ ಸಾಗುವುದು ಇದೇ ಹೆಜ್ಜೆಯಲ್ಲಿ. ಯಕ್ಷಗಾನ ಪ್ರಸಂಗಗಳಲ್ಲಿ ಭಾಮಿನಿ ಮತ್ತೆ ಮತ್ತೆ ಬರುತ್ತದೆ. ಭಾಗವತರು ಅದನ್ನು ಸಾಮಾನ್ಯವಾಗಿ ತಾಳದ ಕಟ್ಟಿಲ್ಲದೆ ರಾಗವಿಸ್ತಾರದೊಡನೆ ಹಾಡುತ್ತಾರೆ. ಯಕ್ಷಗಾನದ ತ್ರಿವುಡೆ ತಾಳಕ್ಕೂ ಏಳೇ ಎಣಿಕೆ. ಹೀಗಾಗಿ ‘ಗೋವಿನ ಹಾಡ’ನ್ನು ಬಾಯಿಪಾಠ ಮಾಡಿದ ಮಗು ಒಂದು ನೀತಿಯನ್ನು ಕಲಿಯುವುದರ ಜೊತೆಗೆ, ತನಗೆ ಅರಿವಿಲ್ಲದಂತೆಯೇ, ಗಮಕ ವಾಚನವನ್ನೂ ತಾಳಮದ್ದಲೆಯನ್ನೂ ಬಯಲಾಟವನ್ನೂ ಕೇಳಬಲ್ಲ ಕಿವಿಯನ್ನು ಪಡೆಯುತ್ತದೆ. ಮಾರಣಕಟ್ಟೆಯ ಆಟಕ್ಕೆ ಹಿರಿಯರ ಜೊತೆ ಹೋಗುವ ವಂಡ್ಸೆಯ ಮಗುವಿನ ಮಟ್ಟಿಗೆ ಶಾಲೆಯ ಪದ್ಯ ಮತ್ತು ರಂಗಸ್ಥಳದ ಪದ್ಯ ಎರಡೂ ಒಂದೇ ಲಯಕುಟುಂಬಕ್ಕೆ ಸೇರಿದವು. ರೂಪಾಂತರದಲ್ಲಿ ಪಣಕ್ಕೆ ಬೀಳುವುದು ಈ ಕಿವಿ.

ಪುಟದ ಮೇಲೆ ನಿಂತ ಕಥೆ

ಹಾಡು ಚಿತ್ರಪುಸ್ತಕವಾದಾಗ ಮೊದಲು ಬದಲಾಗುವುದು ಕಾಲದ ಅಳತೆ. ಹಾಡಿನಲ್ಲಿ ಕಾಳಿಂಗ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವ ಭಾಗಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತದೆ. ಹೆಸರುಗಳು ಕೂಡುತ್ತ ಹೋದಂತೆ ಕೇಳುಗನ ಮನಸ್ಸಿನಲ್ಲಿ ದೊಡ್ಡಿ ತುಂಬುತ್ತದೆ. ಪುಸ್ತಕದಲ್ಲಿ ಒಂದು ಚಿತ್ರ ಇಡೀ ಮಂದೆಯನ್ನು ಒಮ್ಮೆಗೇ ತೋರಿಸಿಬಿಡುತ್ತದೆ. ತಾಯಿ ಕರುವಿಗೆ ಬುದ್ಧಿ ಹೇಳುವುದು, ಉಳಿದ ಹಸುಗಳಿಗೆ ಕರುವನ್ನು ಒಪ್ಪಿಸುವುದು ಮುಂತಾದ ಪುನರುಕ್ತಿಯ ಭಾಗಗಳೂ ಹೀಗೆಯೇ ಸಂಕ್ಷಿಪ್ತಗೊಳ್ಳುತ್ತವೆ. ಈ ಭಾಗದ ಪ್ರಭಾವ ಎಷ್ಟೆಂಬುದಕ್ಕೆ ಎಸ್.ಎಲ್. ಭೈರಪ್ಪನವರು ತಮ್ಮ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿಯ ಹೆಸರನ್ನು ತಾಯಿ ಕರುವಿಗೆ ಹೇಳುವ ಮಾತಿನಿಂದಲೇ ಆರಿಸಿಕೊಂಡಿರುವುದು ಸಾಕ್ಷಿ. ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು ಆ ಕಾದಂಬರಿಯನ್ನು 1977ರಲ್ಲಿ ಚಲನಚಿತ್ರವಾಗಿಸಿದರು.

ಪುಸ್ತಕದಲ್ಲಿ ಆಗುವ ಈ ಸಂಕ್ಷೇಪವನ್ನು ದೋಷವೆಂದು ಹೇಳಲಾಗದು. ಮಗು ಪುಟವನ್ನು ತನಗೆ ಬೇಕಾದಷ್ಟು ಹೊತ್ತು ನೋಡಬಹುದು, ಹಿಂದಿನ ಪುಟಕ್ಕೆ ಮರಳಬಹುದು, ಓದಿ ಹೇಳುವವರನ್ನು ತಡೆದು ಪ್ರಶ್ನೆ ಕೇಳಬಹುದು. ಹಾಡಿನ ಕಾಲ ಹೋದ ಜಾಗದಲ್ಲಿ ಓದುಗನ ಕಾಲ ಬರುತ್ತದೆ. ಚಿತ್ರಪುಸ್ತಕವನ್ನು ಮತ್ತೆ ಚಲಿಸುವಂತೆ ಮಾಡುವವರ ಮುಂದಿರುವ ಮುಖ್ಯ ಸಮಸ್ಯೆ ಇಲ್ಲಿಂದ ಹುಟ್ಟುತ್ತದೆ: ಚಲನೆಗೆ ಕಾಲ ಬೇಕು; ಆ ಕಾಲವನ್ನು ಎಲ್ಲಿಂದ ತರಬೇಕು?

ಪಾಶ್ಚಾತ್ಯ ನಿದರ್ಶನಗಳು

ಈ ಸಮಸ್ಯೆಗೆ ಬೇರೆ ಬೇರೆ ಪರಿಹಾರಗಳು ದೊರೆತಿವೆ. ಅಮೆರಿಕದಲ್ಲಿ ಮಾರ್ಟನ್ ಶಿಂಡೆಲ್ 1953ರಲ್ಲಿ ಸ್ಥಾಪಿಸಿದ ವೆಸ್ಟನ್ ವುಡ್ಸ್ ಸಂಸ್ಥೆ, ಪುಸ್ತಕದ ಮೂಲಚಿತ್ರಗಳನ್ನು ಕದಲಿಸದೆ ಅವುಗಳ ಮೇಲೆ ಕ್ಯಾಮೆರಾವನ್ನು ಸರಿಸುತ್ತ, ಓದುವ ದನಿ ಹಾಗೂ ಸಂಗೀತವನ್ನು ಜೋಡಿಸುವ ವಿಧಾನವನ್ನು ಬೆಳೆಸಿತು. ಇಲ್ಲಿ ಚಲಿಸುವುದು ನೋಟ ಮಾತ್ರ. ಕರ್ನಾಟಕದ ತೊಗಲುಗೊಂಬೆಯಾಟದಲ್ಲಿಯೂ ಇದಕ್ಕೆ ಹೋಲಿಕೆಯಿದೆ. ಹಲವು ವ್ಯಕ್ತಿಗಳನ್ನು ಒಂದೇ ತೊಗಲಿನಲ್ಲಿ ಕೆತ್ತಿದ, ಕೈಕಾಲು ಆಡದ ದೃಶ್ಯಗೊಂಬೆಗಳನ್ನು ಪರದೆಗೆ ಆನಿಸಿ ನಿಲ್ಲಿಸಿದಾಗ ಕಥೆಯನ್ನು ಮುಂದಕ್ಕೆ ನಡೆಸುವುದು ಹಾಡು ಮತ್ತು ಮಾತು.

ಡಾ. ಸ್ಯೂಸ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಲೇಖಕನ, ಕ್ರಿಸ್‌ಮಸ್ ಹಬ್ಬವನ್ನು ಕದಿಯಹೊರಟ ಗ್ರಿಂಚ್‌ನ ಕಥೆ 1957ರಲ್ಲಿ ಪ್ರಕಟವಾದ ಪದ್ಯರೂಪದ ಚಿತ್ರಪುಸ್ತಕ. ಚಕ್ ಜೋನ್ಸ್ 1966ರಲ್ಲಿ ಅದನ್ನು ಅನಿಮೇಷನ್ ಚಿತ್ರವಾಗಿಸಿದಾಗ ಮೂಲದ ಪದ್ಯವನ್ನು ನಿರೂಪಕನ ಬಾಯಲ್ಲಿ ಉಳಿಸಿಕೊಂಡನು. ಹೊಸ ಹಾಡುಗಳ ಮಾತನ್ನು ಮೂಲ ಲೇಖಕನೇ ಬರೆದನು. ಆದ್ದರಿಂದ ಪುಸ್ತಕದ ಲಯ ತೆರೆಗೂ ಬಂತು. ಇದಕ್ಕೆ ವಿರುದ್ಧವಾದ ನಿದರ್ಶನ ಇಂಗ್ಲೆಂಡಿನ ರೇಮಂಡ್ ಬ್ರಿಗ್ಸ್‌ನ ‘ದಿ ಸ್ನೋಮ್ಯಾನ್’. 1978ರ ಈ ಪುಸ್ತಕದಲ್ಲಿ ಚಿತ್ರಗಳಷ್ಟೇ ಇವೆ, ಮಾತಿಲ್ಲ. 1982ರ ಚಿತ್ರರೂಪಕ್ಕೆ ಹೊವಾರ್ಡ್ ಬ್ಲೇಕ್ ಸಂಗೀತ ಒದಗಿಸಿದನು. ಸಂಭಾಷಣೆಯಿಲ್ಲದ ಆ ಚಿತ್ರದ ನಡುವೆ ಬರುವುದು ಒಂದೇ ಹಾಡು. ಮೂಲದಲ್ಲಿ ಲಯಬದ್ಧ ಮಾತೇ ಇಲ್ಲದ ಕಾರಣ ಅಲ್ಲಿ ಕಳೆದುಕೊಳ್ಳಬೇಕಾದ ಲಯವೂ ಇರಲಿಲ್ಲ. ಪದ್ಯವಿರುವ ಮೂಲ ಮತ್ತು ಪದ್ಯವಿಲ್ಲದ ಮೂಲ ಇವೆರಡರ ಹೊಣೆಗಾರಿಕೆ ಬೇರೆ ಬೇರೆ ಎಂಬುದು ಇವುಗಳಿಂದ ಸ್ಪಷ್ಟವಾಗುತ್ತದೆ.

‘ಪುಣ್ಯಕೋಟಿ’ ಚಿತ್ರ

‘ಗೋವಿನ ಹಾಡ’ನ್ನು ಮಕ್ಕಳಿಗಾಗಿ ಸಚಿತ್ರ ಪುಸ್ತಕವಾಗಿ ನಿರೂಪಿಸಿದ್ದ ವಿ. ರವಿಶಂಕರ್ ಮುಂದೆ ಅದನ್ನು ‘ಪುಣ್ಯಕೋಟಿ’ ಎಂಬ ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರವಾಗಿ ನಿರ್ದೇಶಿಸಿದರು. 2020ರಲ್ಲಿ ಬಿಡುಗಡೆಯಾದ ಈ ಚಿತ್ರದ ಭಾಷೆ ಸಂಸ್ಕೃತ. ಸಂಗೀತ ಇಳೆಯರಾಜಾ ಅವರದು. ಸಾರ್ವಜನಿಕರ ದೇಣಿಗೆಯ ನೆರವಿನಿಂದ, ಹಲವೆಡೆಯ ಕಲಾವಿದರ ಸಹಕಾರದಿಂದ ರೂಪುಗೊಂಡ ಈ ಪ್ರಯತ್ನ, ಒಂದು ಪ್ರಾದೇಶಿಕ ಜನಪದ ಕಥನಕ್ಕೆ ಭಾಷೆಯ ಗಡಿಯನ್ನು ಮೀರಿದ ಪ್ರೇಕ್ಷಕರನ್ನು ಒದಗಿಸಿತು. ಕಥೆಯ ಆಶಯ ಭಾಷೆಯಿಂದ ಭಾಷೆಗೆ ದಾಟಬಲ್ಲದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಆದರೆ ಆಶಯ ದಾಟಿದ ಹಾಗೆ ಛಂದಸ್ಸು ದಾಟುವುದಿಲ್ಲ. ಕನ್ನಡ ಪದ್ಯದ ಎರಡನೆಯ ಅಕ್ಷರದ ಪ್ರಾಸ ಕನ್ನಡ ಪದಗಳಿಗೆ ಅಂಟಿಕೊಂಡದ್ದು. ಪದ ಬದಲಾದಾಗ ಅದು ತಾನಾಗಿ ಉಳಿಯಲಾರದು. ಹೊಸ ಭಾಷೆಯ ಚಿತ್ರಕ್ಕೆ ಹೊಸ ಮಾತು, ಹೊಸ ಸಂಗೀತ ಅನಿವಾರ್ಯ. ಆದ್ದರಿಂದ ಆ ಚಿತ್ರವನ್ನು ‘ಗೋವಿನ ಹಾಡಿ’ನ ಕಥೆಯ ರೂಪಾಂತರವೆಂದು ಕರೆಯುವುದು ಸರಿ, ಹಾಡಿನ ರೂಪಾಂತರವೆಂದು ಕರೆಯಬೇಕಾದರೆ ಬೇರೆಯೇ ಬಗೆಯ ಕೆಲಸ ನಡೆಯಬೇಕು. ಈ ಭೇದವನ್ನು ಹೇಳುವುದು ಚಿತ್ರದ ಬೆಲೆಯನ್ನು ಕುಗ್ಗಿಸುವುದಕ್ಕಲ್ಲ, ಕನ್ನಡದಲ್ಲಿ ಉಳಿದಿರುವ ಕೆಲಸವನ್ನು ಗುರುತಿಸುವುದಕ್ಕೆ.

ಲೆಕ್ಕದ ಕಾಲ, ಕೈಯ ಕಾಲ

ಅನಿಮೇಷನ್‌ನಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಎಂಬುದು ರೂಢಿಯ ಪ್ರಮಾಣ. ಹಾಡಿಗೆ ಚಿತ್ರ ಹೊಂದಬೇಕಾದಲ್ಲಿ ಸಾಮಾನ್ಯವಾಗಿ ಧ್ವನಿಯನ್ನು ಮೊದಲು ಮುದ್ರಿಸಿಕೊಂಡು, ಅದರ ಎಣಿಕೆಗೆ ತಕ್ಕಂತೆ ಚಿತ್ರಗಳನ್ನು ರಚಿಸುತ್ತಾರೆ. ಒಂದು ಮಾತ್ರೆಗೆ 8 ಚೌಕಟ್ಟು ಎಂದು ಇಟ್ಟುಕೊಂಡರೆ ಮೂರು ಮಾತ್ರೆಯ ಗಣಕ್ಕೆ 24, ನಾಲ್ಕು ಮಾತ್ರೆಯದಕ್ಕೆ 32, ಏಳಕ್ಕೆ 56, ಇಡೀ ಸಾಲಿಗೆ 112 ಚೌಕಟ್ಟುಗಳಾಗುತ್ತವೆ. ಹಸುವಿನ ನಡಿಗೆಯಾದರೋ ನಾಲ್ಕು ಕಾಲುಗಳ ಬಹುಮಟ್ಟಿಗೆ ಸಮಾನ ಅಂತರದ ಹೆಜ್ಜೆ. ಅನಿಮೇಷನ್‌ನಲ್ಲಿ ನಡಿಗೆಯ ಒಂದು ಆವರ್ತವನ್ನು ಬರೆದು ಅದನ್ನೇ ಮತ್ತೆ ಮತ್ತೆ ಬಳಸುವುದು ವಾಡಿಕೆ. ಈ ಸಮನಡೆಯನ್ನು ಮೂರು-ನಾಲ್ಕರ ವಿಷಮ ನಡೆಯ ಮೇಲೆ ಹಾಗೆಯೇ ಇಟ್ಟರೆ ಹೆಜ್ಜೆ ಒಂದು ಕಡೆ, ಹಾಡು ಇನ್ನೊಂದು ಕಡೆ ಸಾಗುತ್ತವೆ. ಹಾಡನ್ನೇ ನಾಲ್ಕರ ಎಣಿಕೆಗೆ ಒಗ್ಗಿಸುವುದು ಸುಲಭದ ದಾರಿ. ಅದರಿಂದ ಮಾತು ಉಳಿದರೂ ನಡೆ ಕೆಡುತ್ತದೆ. ಕಾಲಿನ ಹೆಜ್ಜೆಯನ್ನು ಸ್ವತಂತ್ರವಾಗಿ ಬಿಟ್ಟು, ಕೊರಳ ಗಂಟೆ, ತಲೆಯ ಹೊರಳು, ಬಾಲದ ಬೀಸು ಇವುಗಳನ್ನು ಗಣದ ಆರಂಭಕ್ಕೆ ಕೂಡಿಸುವುದು ಇನ್ನೊಂದು ದಾರಿ. ಇದು ಶ್ರಮದ್ದಾದರೂ ಛಂದಸ್ಸಿಗೆ ನ್ಯಾಯ ಒದಗಿಸಬಲ್ಲದು. ಮಂದೆಯ ಹೆಸರು ಕರೆಯುವಂತಹ ಪುನರುಕ್ತಿಯ ಭಾಗಗಳು ಚಿತ್ರಾವರ್ತಗಳ ಬಳಕೆಗೆ ಸಹಜವಾಗಿಯೇ ಒದಗುತ್ತವೆ. ಪುಸ್ತಕ ಕೈಬಿಟ್ಟ ಪುನರುಕ್ತಿಯನ್ನು ಅನಿಮೇಷನ್ ಮರಳಿ ಪಡೆಯಬಹುದು.

ಉಪ್ಪಿನಕುದ್ರುವಿನ ಗೊಂಬೆಯಾಟ ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿದೆ. ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯ ಮರದ ಗೊಂಬೆಗಳು ಬಡಗುತಿಟ್ಟಿನ ವೇಷಭೂಷಣವನ್ನೇ ತೊಟ್ಟು, ಭಾಗವತಿಕೆ, ಮದ್ದಲೆ, ಚಂಡೆಗಳಿಗೆ ತಕ್ಕಂತೆ ಕುಣಿಯುತ್ತವೆ. ‘ಲಂಕಾದಹನ’, ‘ನರಕಾಸುರ ವಧೆ’ ಮುಂತಾದ ಪ್ರಸಂಗಗಳನ್ನು ಅವು ಆಡಿವೆ. ಈ ಕಲೆಯನ್ನು ನಾಡಿನ ಹೊರಗೂ ಪರಿಚಯಿಸಿದ ಕೊಗ್ಗ ದೇವಣ್ಣ ಕಾಮತರಿಗೆ 1980ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅವರ ಬಳಿಕ ಮಗ ಭಾಸ್ಕರ ಕೊಗ್ಗ ಕಾಮತರು ಪರಂಪರೆಯನ್ನು ಮುಂದುವರಿಸಿದರು. ಇಲ್ಲಿ ಸೂತ್ರಧಾರನ ಕೈ ಮತ್ತು ಭಾಗವತರ ಕಂಠ ಒಂದನ್ನೊಂದು ಕಾಯುತ್ತವೆ. ಭಾಗವತರು ರಾಗವನ್ನು ಎಳೆದರೆ ಗೊಂಬೆ ತಡೆದು ನಿಲ್ಲುತ್ತದೆ. ಚಂಡೆ ಚುರುಕಾದರೆ ಗೊಂಬೆಯ ಕುಣಿತವೂ ಚುರುಕಾಗುತ್ತದೆ. ಅನಿಮೇಷನ್‌ನಲ್ಲಿ ಕಾಲ ಮೊದಲೇ ಎಣಿಸಲ್ಪಟ್ಟಿರುತ್ತದೆ, ಗೊಂಬೆಯಾಟದಲ್ಲಿ ಅದು ಆಟದ ಹೊತ್ತಿನಲ್ಲಿಯೇ ಹುಟ್ಟುತ್ತದೆ. ಮೊದಲನೆಯದರಲ್ಲಿ ಒಮ್ಮೆ ಆದ ತಪ್ಪು ಎಂದಿಗೂ ತಪ್ಪಾಗಿಯೇ ಉಳಿಯುತ್ತದೆ. ಎರಡನೆಯದರಲ್ಲಿ ಮರುದಿನದ ಆಟಕ್ಕೆ ಅದನ್ನು ತಿದ್ದಿಕೊಳ್ಳಬಹುದು. ಆದ್ದರಿಂದಲೇ ಅನಿಮೇಷನ್ ಕೆಲಸದಲ್ಲಿ ಧ್ವನಿಮುದ್ರಣಕ್ಕೆ ಮೊದಲು ಛಂದಸ್ಸನ್ನು ಬಲ್ಲವರ ನೆರವು ಅತ್ಯಗತ್ಯ. ಏಳರ ನಡೆಯನ್ನು ದಿನನಿತ್ಯ ಬಳಸುವ ಭಾಗವತರು, ಮದ್ದಲೆಗಾರರು, ಗಮಕಿಗಳು ಈ ಭಾಗದಲ್ಲಿ ಇಂದಿಗೂ ಇದ್ದಾರೆ. ಮಕ್ಕಳ ಚಿತ್ರ ತಯಾರಿಸುವವರು ಅವರ ಜ್ಞಾನವನ್ನು ಬಳಸಿಕೊಳ್ಳುವುದು ಸಾಧ್ಯವಿರುವ ಕೆಲಸ.

ಸಮಾರೋಪ

ಜನಪದ ಕಥನವೊಂದು ಮಾಧ್ಯಮದಿಂದ ಮಾಧ್ಯಮಕ್ಕೆ ಚಲಿಸುವುದು ಹೊಸ ಸಂಗತಿಯಲ್ಲ. ‘ಗೋವಿನ ಹಾಡು’ ಕಂಠದಿಂದ ಅಚ್ಚಿಗೆ, ಅಚ್ಚಿನಿಂದ ಶಾಲೆಗೆ, ಅಲ್ಲಿಂದ ತೆರೆಗೆ ಬಂದಿರುವುದು ಅದರ ಜೀವಶಕ್ತಿಯ ಗುರುತು. ಹೀಗಿದ್ದರೂ ಪ್ರತಿಯೊಂದು ರೂಪಾಂತರವನ್ನು ಬೆಲೆಕಟ್ಟಲು ಅದರ ಚಿತ್ರಗಳ ಚೆಲುವು, ಕಥೆಯ ನಿಷ್ಠೆ ಇವೆರಡೇ ಸಾಲವು. ನೋಡಿ ಎದ್ದ ಮಗು ಅದನ್ನು ಹಾಡಬಲ್ಲುದೇ ಎಂಬುದು ಮೂರನೆಯ ಮಾನದಂಡವಾಗಬೇಕು. ಕಥೆಯನ್ನು ಮಾತ್ರ ಕೊಟ್ಟ ಚಿತ್ರ ಮಗುವನ್ನು ಪ್ರೇಕ್ಷಕನನ್ನಾಗಿ ಉಳಿಸುತ್ತದೆ. ನಡೆಯನ್ನೂ ಕೊಟ್ಟ ಚಿತ್ರ ಅದನ್ನು ಹಾಡುಗನ ಸಾಲಿಗೆ ಸೇರಿಸುತ್ತದೆ. ವಂಡ್ಸೆಯಂತಹ ಊರಿನಲ್ಲಿ ಈ ವ್ಯತ್ಯಾಸ ಕೇವಲ ತಾತ್ವಿಕವಾದುದಲ್ಲ. ಮೂರು-ನಾಲ್ಕರ ಹೆಜ್ಜೆಯನ್ನು ಎಳವೆಯಲ್ಲಿ ಬಾಯಿಗೆ ತಂದುಕೊಳ್ಳದ ಪೀಳಿಗೆಗೆ ಮಾರಣಕಟ್ಟೆಯ ಬಯಲಾಟದ ಭಾಮಿನಿಯೂ ಕುಮಾರವ್ಯಾಸನ ಭಾರತವೂ ದೂರದ ಸದ್ದಾಗಿ ಕೇಳಿಸುವ ಸಂಭವವಿದೆ. ಕನ್ನಡದ ಪದ್ಯವನ್ನೇ ಬೆನ್ನೆಲುಬಾಗಿಟ್ಟುಕೊಂಡು, ಅದರ ಮಾತ್ರೆಯನ್ನು ಎಣಿಸಿ ರಚಿಸಿದ ಚಲಿಸುವ ಚಿತ್ರವೊಂದು ‘ಗೋವಿನ ಹಾಡಿ’ಗೆ ಸಲ್ಲಬೇಕಾದ ಬಾಕಿ.