ಹವ್ಯಾಸಿ ಬಹು-ಅಕ್ಷ ಯಂತ್ರಗಳ ಚಲನ ನಿಯಂತ್ರಣ ಇಂಟರ್‌ಫೇಸ್

ಬಹು-ಅಕ್ಷ ಚಲನ ನಿಯಂತ್ರಣ ಇಂಟರ್‌ಫೇಸ್ ಎಂಬುದು ಕಂಪ್ಯೂಟರಿನ ಆದೇಶಗಳನ್ನು ಯಂತ್ರದ ಮೋಟಾರುಗಳನ್ನು ನಡೆಸುವ ವಿದ್ಯುತ್ ಸಂಕೇತಗಳನ್ನಾಗಿ ಪರಿವರ್ತಿಸುವ ಹಾಗೂ ಯಂತ್ರದ ಸ್ಥಿತಿಯನ್ನು ಕಂಪ್ಯೂಟರಿಗೆ ತಿಳಿಸುವ ಯಂತ್ರಾಂಶ ಮತ್ತು ತಂತ್ರಾಂಶಗಳ ವ್ಯವಸ್ಥೆ. ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಳ್ಳುವ ಮಿಲ್ಲಿಂಗ್ ಯಂತ್ರ, ಮರ ಕೆತ್ತುವ ರೌಟರ್, ಲೇಸರ್ ಕೆತ್ತನೆ ಯಂತ್ರ ಹಾಗೂ ಮೂರು ಆಯಾಮದ ಮುದ್ರಕಗಳಲ್ಲಿ ಇದು ಬಳಕೆಯಲ್ಲಿದೆ. ಇದರ ವಿನ್ಯಾಸದಲ್ಲಿ ಎರಡು ಸಂಗತಿಗಳು ಮುಖ್ಯ. ಮೊದಲನೆಯದು, ಪ್ರತಿಯೊಂದು ಸಂಕೇತವೂ ಸರಿಯಾದ ಕ್ಷಣದಲ್ಲಿ ಹೊರಡಬೇಕು. ಎರಡನೆಯದು, ವ್ಯವಸ್ಥೆಯ ಯಾವ ಭಾಗ ಕೆಟ್ಟರೂ ಯಂತ್ರವು ಓಡದೆ ನಿಲ್ಲಬೇಕು.

ಇತಿಹಾಸ

ಸಂಖ್ಯೆಗಳ ಮೂಲಕ ಯಂತ್ರವನ್ನು ನಡೆಸುವ ವಿಧಾನವನ್ನು ಅಮೆರಿಕದ ಜಾನ್ ಪಾರ್ಸನ್ಸ್ ಅವರ ಕಲ್ಪನೆಯ ಆಧಾರದ ಮೇಲೆ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ಅಭಿವೃದ್ಧಿಪಡಿಸಿ 1952ರಲ್ಲಿ ಪ್ರದರ್ಶಿಸಿತು. ಆ ಮೂರು ಅಕ್ಷಗಳ ಮಿಲ್ಲಿಂಗ್ ಯಂತ್ರವು ರಂಧ್ರಗಳಿದ್ದ ಪಟ್ಟಿಯಿಂದ ಆದೇಶಗಳನ್ನು ಓದುತ್ತಿತ್ತು. ಮುಂದೆ ಇಂತಹ ಆದೇಶಗಳನ್ನು ಬರೆಯಲು ಜಿ-ಕೋಡ್ ಎಂಬ ಭಾಷೆ ರೂಢಿಗೆ ಬಂದಿತು. ಅಮೆರಿಕದ ಆರ್‌ಎಸ್-274 ಮತ್ತು ಅಂತಾರಾಷ್ಟ್ರೀಯ ಐಎಸ್‌ಒ 6983 ಇದರ ಮಾನಕಗಳು.

1981ರಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನಲ್ಲಿ ಮುದ್ರಕವನ್ನು ಜೋಡಿಸಲೆಂದು ಸಮಾಂತರ ಪೋರ್ಟ್ ಇತ್ತು. ಅದರ ತಂತಿಗಳನ್ನು ತಂತ್ರಾಂಶದಿಂದ ನೇರವಾಗಿ ಆಳಬಹುದಾಗಿದ್ದುದರಿಂದ ಹವ್ಯಾಸಿಗಳು ಅದನ್ನೇ ಯಂತ್ರ ನಿಯಂತ್ರಣಕ್ಕೂ ಬಳಸಿಕೊಂಡರು. 1990ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್ ರೂಪಿಸಿದ ನಿಯಂತ್ರಣ ತಂತ್ರಾಂಶದಿಂದ ಬೆಳೆದು ಬಂದದ್ದೇ ಇಂದಿನ ಮುಕ್ತ ತಂತ್ರಾಂಶ ಲಿನಕ್ಸ್‌ಸಿಎನ್‌ಸಿ. 2009ರಲ್ಲಿ ಆರ್ಡುಯಿನೋ ಫಲಕಕ್ಕಾಗಿ ಸಿಮೆನ್ ಸ್ವಾಲೆ ಸ್ಕೋಗ್‌ಸ್ರುಡ್ ಅವರು ಬರೆದ ಗರ್ಬಲ್ ಎಂಬ ಮುಕ್ತ ತಂತ್ರಾಂಶವು ಈ ಹವ್ಯಾಸವನ್ನು ಇನ್ನಷ್ಟು ಸುಲಭಗೊಳಿಸಿತು.

ಹಂತ ಮತ್ತು ದಿಕ್ಕಿನ ಸಂಕೇತಗಳು

ಹವ್ಯಾಸಿ ಯಂತ್ರಗಳಲ್ಲಿ ಹೆಚ್ಚಾಗಿ ಸ್ಟೆಪ್ಪರ್ ಮೋಟಾರುಗಳಿರುತ್ತವೆ. ಇವು ಒಂದೊಂದು ವಿದ್ಯುತ್ ಪಲ್ಸ್‌ಗೆ ಒಂದೊಂದು ಸಣ್ಣ ಹೆಜ್ಜೆಯಷ್ಟು ತಿರುಗುತ್ತವೆ. ಸಾಮಾನ್ಯ ಮೋಟಾರಿನ ಒಂದು ಹೆಜ್ಜೆ 1.8 ಡಿಗ್ರಿ, ಅಂದರೆ ಒಂದು ಸುತ್ತಿಗೆ 200 ಹೆಜ್ಜೆಗಳು. ಪ್ರತಿಯೊಂದು ಅಕ್ಷಕ್ಕೂ ಇಂಟರ್‌ಫೇಸ್ ಎರಡು ಸಂಕೇತಗಳನ್ನು ಕಳುಹಿಸುತ್ತದೆ. ಒಂದು ತಂತಿಯ ಪ್ರತಿ ಪಲ್ಸ್ ಒಂದು ಹೆಜ್ಜೆಯನ್ನು ಸೂಚಿಸುತ್ತದೆ. ಇನ್ನೊಂದು ತಂತಿ ದಿಕ್ಕನ್ನು ತಿಳಿಸುತ್ತದೆ. ಈ ದುರ್ಬಲ ಸಂಕೇತಗಳಿಗೆ ಅನುಗುಣವಾಗಿ ಮೋಟಾರಿಗೆ ಬೇಕಾದ ಹೆಚ್ಚಿನ ವಿದ್ಯುತ್ತನ್ನು ಒದಗಿಸುವುದು ಡ್ರೈವರ್ ಎಂಬ ಪ್ರತ್ಯೇಕ ಮಂಡಲದ ಕೆಲಸ.

ಸಮಾಂತರ ಪೋರ್ಟ್‌ನಲ್ಲಿ ಹೊರಹೋಗುವ 12 ಹಾಗೂ ಒಳಬರುವ 5 ಸಂಕೇತ ತಂತಿಗಳಿವೆ. ನಾಲ್ಕು ಅಕ್ಷಗಳಿಗೆ 8 ತಂತಿಗಳು ಬೇಕಾಗುತ್ತವೆ. ಉಳಿದ 4 ಕತ್ತರಿಸುವ ಮೋಟಾರು, ಶೀತಕದ ಪಂಪು ಮುಂತಾದವುಗಳಿಗೆ ಒದಗುತ್ತವೆ. ಒಳಬರುವ ತಂತಿಗಳು ಮಿತಿ ಸ್ವಿಚ್‌ಗಳಿಗೆ ಮೀಸಲಾಗುತ್ತವೆ.

ಕಾಲಪಾಲನೆ

ಒಂದು ಉದಾಹರಣೆಯನ್ನು ನೋಡೋಣ. ಯಂತ್ರದ ತಿರುಪು ಒಂದು ಸುತ್ತಿಗೆ 5 ಮಿ.ಮೀ. ಸರಿಯುತ್ತದೆ, ಡ್ರೈವರ್ ಪ್ರತಿ ಹೆಜ್ಜೆಯನ್ನು 8 ಭಾಗವಾಗಿ ಒಡೆಯುತ್ತದೆ ಎಂದಿಟ್ಟುಕೊಳ್ಳೋಣ. ಆಗ ಒಂದು ಸುತ್ತಿಗೆ 1600 ಪಲ್ಸ್‌ಗಳು, ಒಂದು ಮಿ.ಮೀ.ಗೆ 320 ಪಲ್ಸ್‌ಗಳು ಬೇಕು. ಯಂತ್ರವು ನಿಮಿಷಕ್ಕೆ 1500 ಮಿ.ಮೀ. ವೇಗದಲ್ಲಿ ಚಲಿಸಬೇಕಾದರೆ ಸೆಕೆಂಡಿಗೆ 8000 ಪಲ್ಸ್‌ಗಳು, ಅಂದರೆ ಪ್ರತಿ 125 ಮೈಕ್ರೋಸೆಕೆಂಡಿಗೆ ಒಂದು ಪಲ್ಸ್ ಹೊರಡಬೇಕು.

ಸಾಮಾನ್ಯ ಕಾರ್ಯಾಚರಣ ವ್ಯವಸ್ಥೆಯು ಬೇರೆ ಕೆಲಸಕ್ಕೆ ತಿರುಗಿ 5 ಮಿಲಿಸೆಕೆಂಡು ತಡಮಾಡಿದರೆ ಪರದೆಯ ಮುಂದೆ ಕುಳಿತವರಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಆ ಅವಧಿಯಲ್ಲಿ 40 ಪಲ್ಸ್‌ಗಳು ಹೋಗಬೇಕಿತ್ತು. ವೇಗದಲ್ಲಿದ್ದ ಮೋಟಾರಿಗೆ ಪಲ್ಸ್ ಥಟ್ಟನೆ ನಿಂತು ಮತ್ತೆ ಅದೇ ವೇಗದಲ್ಲಿ ಬಂದರೆ ಅದು ಹೆಜ್ಜೆ ತಪ್ಪಬಹುದು. ಹಿಮ್ಮಾಹಿತಿ ಇಲ್ಲದ ವ್ಯವಸ್ಥೆಯಲ್ಲಿ ಈ ತಪ್ಪನ್ನು ಕಂಪ್ಯೂಟರ್ ತಿಳಿಯಲಾರದು. ಅಲ್ಲಿಂದ ಮುಂದಿನ ಕೆಲಸವೆಲ್ಲ ಅಷ್ಟೇ ದೂರ ಸರಿದು ಹಾಳಾಗುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಲಿನಕ್ಸ್‌ಸಿಎನ್‌ಸಿ ತತ್‌ಕ್ಷಣ ಸ್ಪಂದಿಸುವ ವಿಶೇಷ ಕರ್ನಲ್ ಬಳಸಿ ತಡವನ್ನು ಮಿತಿಯೊಳಗಿಡುತ್ತದೆ. ಎರಡನೆಯ ಪರಿಹಾರವು ಕಾಲಪಾಲನೆಯನ್ನು ಪ್ರತ್ಯೇಕ ಮೈಕ್ರೋಕಂಟ್ರೋಲರಿಗೆ ವಹಿಸುವುದು. ಗರ್ಬಲ್ ನಡೆಯುವ ಆರ್ಡುಯಿನೋ ಊನೋ ಫಲಕದ ವೇಗ 16 ಮೆಗಾಹರ್ಟ್ಸ್, ಸ್ಮೃತಿ ಕೇವಲ 2 ಕಿಲೋಬೈಟ್. ಆದರೂ ಅದಕ್ಕೆ ಬೇರೆ ಕೆಲಸವಿಲ್ಲದ ಕಾರಣ ಪಲ್ಸ್‌ಗಳು ತಪ್ಪದೆ ಹೊರಡುತ್ತವೆ. ಕಂಪ್ಯೂಟರ್ ಯುಎಸ್‌ಬಿ ಮೂಲಕ ಜಿ-ಕೋಡ್ ಸಾಲುಗಳನ್ನು ಮುಂಚಿತವಾಗಿ ಕಳುಹಿಸುತ್ತಿದ್ದರೆ ಸಾಕು. ಕಂಪ್ಯೂಟರ್ ಸ್ವಲ್ಪ ತಡಮಾಡಿದರೂ ಸಂಗ್ರಹದಲ್ಲಿರುವ ಸಾಲುಗಳು ಕೆಲಸವನ್ನು ಮುಂದುವರಿಸುತ್ತವೆ.

ಅಕ್ಷಗಳ ಹೊಂದಾಣಿಕೆ

ಓರೆಯಾದ ಸರಳರೇಖೆಯನ್ನು ಕತ್ತರಿಸುವಾಗ ಎಲ್ಲ ಅಕ್ಷಗಳೂ ಒಟ್ಟಿಗೆ ಹೊರಟು ಒಟ್ಟಿಗೆ ತಲುಪಬೇಕು. ಮೇಲಿನ ಯಂತ್ರವು ಎಕ್ಸ್ ಅಕ್ಷದಲ್ಲಿ 30 ಮಿ.ಮೀ., ವೈ ಅಕ್ಷದಲ್ಲಿ 20 ಮಿ.ಮೀ. ಸರಿಯಬೇಕಾದರೆ ಕ್ರಮವಾಗಿ 9600 ಮತ್ತು 6400 ಪಲ್ಸ್‌ಗಳನ್ನು ಹಂಚಬೇಕು. ಅಂದರೆ ಎಕ್ಸ್‌ನ ಪ್ರತಿ ಮೂರು ಹೆಜ್ಜೆಗೆ ವೈ ಎರಡು ಹೆಜ್ಜೆ ಇಡಬೇಕು. ಹೀಗೆ ಹಂಚಲು ಗರ್ಬಲ್‌ನಂತಹ ತಂತ್ರಾಂಶಗಳು ಬಳಸುವ ಕ್ರಮವಿಧಿಯನ್ನು ಐಬಿಎಂನ ಜಾಕ್ ಬ್ರೆಸೆನ್‌ಹ್ಯಾಮ್ ರೇಖೆ ಎಳೆಯುವ ಪ್ಲಾಟರ್ ಯಂತ್ರಕ್ಕಾಗಿ ರೂಪಿಸಿ 1965ರಲ್ಲಿ ಪ್ರಕಟಿಸಿದ್ದರು. ಪೂರ್ಣಾಂಕಗಳ ಕೂಡುವಿಕೆ, ಕಳೆಯುವಿಕೆ ಮತ್ತು ಹೋಲಿಕೆಗಳಷ್ಟೇ ಸಾಕಾಗುವುದರಿಂದ ಅದು ಸಣ್ಣ ಸಂಸ್ಕಾರಕಕ್ಕೂ ಹಗುರ.

ಭಾರವಾದ ಮೇಜು ನಿಂತಲ್ಲಿಂದ ಒಮ್ಮೆಲೇ ಪೂರ್ಣ ವೇಗವನ್ನು ಪಡೆಯಲಾರದು. ಆದ್ದರಿಂದ ವೇಗವು ಕ್ರಮೇಣ ಏರಿ, ಸಮನಾಗಿ ಸಾಗಿ, ಕ್ರಮೇಣ ಇಳಿಯುವಂತೆ ಯೋಜಿಸಲಾಗುತ್ತದೆ. ಮೂಲೆಗಳಲ್ಲಿ ಎಷ್ಟು ನಿಧಾನಿಸಬೇಕೆಂದು ನಿರ್ಧರಿಸಲು ತಂತ್ರಾಂಶವು ಮುಂದಿನ ಹಲವು ಸಾಲುಗಳನ್ನು ಮೊದಲೇ ಓದಿಟ್ಟುಕೊಳ್ಳುತ್ತದೆ.

ಸುರಕ್ಷತೆ

ಡ್ರೈವರ್‌ನ ವಿದ್ಯುತ್ತು ಕಂಪ್ಯೂಟರನ್ನು ಸುಡದಂತೆ ಸಂಕೇತಗಳನ್ನು ಆಪ್ಟೋಕಪ್ಲರ್ ಮೂಲಕ ದಾಟಿಸುತ್ತಾರೆ. ಇದರಲ್ಲಿ ಸಂಕೇತವು ಬೆಳಕಾಗಿ ದಾಟುತ್ತದೆ. ಎರಡು ಬದಿಗಳ ನಡುವೆ ತಂತಿಯ ಸಂಪರ್ಕವಿರುವುದಿಲ್ಲ.

ಮಿತಿ ಸ್ವಿಚ್‌ಗಳು ಸಾಮಾನ್ಯ ಸ್ಥಿತಿಯಲ್ಲಿ ಮುಚ್ಚಿರುವಂಥವಾಗಿರಬೇಕು. ಆಗ ತಂತಿ ತುಂಡಾದರೂ ಸ್ವಿಚ್ ಒತ್ತಿದಂತೆಯೇ ತೋರಿ ಯಂತ್ರ ನಿಲ್ಲುತ್ತದೆ. ತೆರೆದ ಸ್ವಿಚ್ ಬಳಸಿದರೆ ತುಂಡಾದ ತಂತಿಯು ಅಪಾಯದ ದಿನದವರೆಗೂ ಗಮನಕ್ಕೆ ಬರುವುದಿಲ್ಲ. ಇದೇ ತತ್ತ್ವದ ಮೇಲೆ ಕೆಲವು ಫಲಕಗಳು ತಂತ್ರಾಂಶದಿಂದ ನಿರಂತರವಾಗಿ ಬರುವ ಒಂದು ಮಿಡಿತದ ಸಂಕೇತವನ್ನು ಕಾಯುತ್ತವೆ. ತಂತ್ರಾಂಶ ಸ್ಥಗಿತಗೊಂಡು ಮಿಡಿತ ನಿಂತರೆ ಹೊರಹೋಗುವ ಸಂಕೇತಗಳನ್ನೆಲ್ಲ ತಡೆಹಿಡಿಯುತ್ತವೆ.

ತುರ್ತು ನಿಲುಗಡೆಯ ಗುಂಡಿಯು ತಂತ್ರಾಂಶವನ್ನು ಅವಲಂಬಿಸಿರಬಾರದು. ಮೋಟಾರುಗಳ ವಿದ್ಯುತ್ತನ್ನು ಅದು ತಂತಿಯ ಮೂಲಕವೇ ಕಡಿಯಬೇಕು. ಕಂಪ್ಯೂಟರಿಗೆ ಹೋಗುವ ಸೂಚನೆ ಮಾಹಿತಿಗಾಗಿ ಮಾತ್ರ. ವಿದ್ಯುತ್ ಹೋದಾಗ ಭಾರವಾದ ಲಂಬ ಅಕ್ಷವು ಕೆಳಗೆ ಜಾರಬಹುದಾದುದರಿಂದ ಅಲ್ಲಿ ಬ್ರೇಕ್ ಅಥವಾ ಪ್ರತಿಭಾರ ಅಗತ್ಯ.

ಬಳಕೆದಾರರ ಪರದೆ

ಪರದೆಯಲ್ಲಿ ಪ್ರತಿ ಅಕ್ಷದ ಸ್ಥಾನ, ವೇಗ ಮತ್ತು ನಡೆಯುತ್ತಿರುವ ಸಾಲು ಕಾಣಿಸುತ್ತವೆ. ಗರ್ಬಲ್‌ನಲ್ಲಿ ! ಚಿಹ್ನೆಯು ಚಲನೆಯನ್ನು ತಡೆಯುತ್ತದೆ, ~ ಚಿಹ್ನೆಯು ಮುಂದುವರಿಸುತ್ತದೆ, ? ಚಿಹ್ನೆಯು ಸ್ಥಿತಿಯನ್ನು ಕೇಳುತ್ತದೆ. ಇವು ಸರದಿಯಲ್ಲಿರುವ ಸಾಲುಗಳಿಗಾಗಿ ಕಾಯದೆ ಕೂಡಲೇ ಜಾರಿಯಾಗುತ್ತವೆ. ಸರದಿಯಲ್ಲಿ ನಿಲ್ಲುವ ತಡೆಯಾಜ್ಞೆಯಿಂದ ಪ್ರಯೋಜನವಿಲ್ಲ.

ಹಿಮ್ಮಾಹಿತಿ ಇಲ್ಲದ ಯಂತ್ರದಲ್ಲಿ ಪರದೆಯ ಮೇಲಿನ ಅಂಕೆಯು ಅಳೆದ ಸ್ಥಾನವಲ್ಲ, ಆದೇಶಿಸಿದ ಸ್ಥಾನ. ಈ ಕಾರಣದಿಂದಲೇ ಯಂತ್ರವನ್ನು ಚಾಲೂ ಮಾಡಿದಾಗಲೂ ತುರ್ತು ನಿಲುಗಡೆಯ ನಂತರವೂ ಅಕ್ಷಗಳನ್ನು ಮಿತಿ ಸ್ವಿಚ್‌ಗಳವರೆಗೆ ಒಯ್ದು ಮೂಲಸ್ಥಾನವನ್ನು ಹೊಸದಾಗಿ ಗುರುತಿಸಲಾಗುತ್ತದೆ.