ಬಾರಿಸಿದವರ ಹೆಸರೂ ಉಳಿಯಲಿ

ಮಾಘ ಮಾಸದಲ್ಲಿ ಕೊಟ್ಟೂರೇಶ್ವರನ ತೇರು ಹೊರಡುವ ಹೊತ್ತಿಗೆ ಸಮಾಳದ ಸದ್ದು ಕೇಳುಗನ ಎದೆಯೊಳಗೇ ಮೊಳಗುತ್ತದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕ ಕೇಳಲು ನೆರೆದ ಜನಸಾಗರದ ನಡುವೆ ಗೊರವರ ಡಮರುಗಗಳು ನುಡಿಯುತ್ತವೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಜೋಗತಿಯರ ಚೌಡಿಕೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಸೀಮೆಯಲ್ಲಿ ಹಲಗೆ, ಡೊಳ್ಳು. ಈ ವಾದಕರು ಯಾರೂ ಕಾಗದದ ಮೇಲಿನ ಸ್ವರಲಿಪಿಯನ್ನು ನೋಡಿ ಬಾರಿಸುವುದಿಲ್ಲ. ಹಿರಿಯರಿಂದ ಬಂದ ಗತ್ತೊಂದನ್ನು ಹಿಡಿದು, ಜೊತೆಗಾರನ ಕಣ್ಣನ್ನೂ ಮುಂದೆ ಕುಣಿಯುವವನ ಹೆಜ್ಜೆಯನ್ನೂ ಗಮನಿಸುತ್ತ ಅಲ್ಲಲ್ಲೇ ಹೊಸದನ್ನು ಹುಟ್ಟಿಸುತ್ತಾರೆ. ಇದೇ ಗುಣವನ್ನು ಪ್ರಾಣವಾಗಿಸಿಕೊಂಡ ಇನ್ನೊಂದು ಸಂಗೀತ ಜಾಝ್.

ಜಾಝ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಪಂಚತಾರಾ ಹೋಟೆಲಿನ ಮಂದ ಬೆಳಕು. ಅದರ ಹುಟ್ಟು ಮಾತ್ರ ಬೀದಿಯದು. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರ ಮಕ್ಕಳು, ಮೊಮ್ಮಕ್ಕಳು ಮೆರವಣಿಗೆಯಲ್ಲಿಯೂ ಶವಯಾತ್ರೆಯಲ್ಲಿಯೂ ನುಡಿಸುತ್ತ ಬೆಳೆಸಿದ ಸಂಗೀತವಿದು. ಹೆಣದ ಮುಂದೆ ಹಲಗೆ ಬಾರಿಸುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶುದ್ಧ ಸ್ವರವನ್ನು ತುಸು ಇಳಿಸಿ, ಬಾಗಿಸಿ ನೋವನ್ನು ಹೊರಡಿಸುವ ಅಲ್ಲಿನ ಕ್ರಮ, ಒಂದೇ ತಂತಿಯನ್ನು ಬಿಗಿದು ಸಡಿಲಿಸಿ ಅಳುವ ದನಿ ತೆಗೆಯುವ ನಮ್ಮ ಚೌಡಿಕೆಗೆ ದೂರದ್ದೇನಲ್ಲ.

ಆ ಊರಿನಲ್ಲಿ ಬಡಿ ಬೋಲ್ಡನ್ ಎಂಬ ಕಾರ್ನೆಟ್ ವಾದಕನಿದ್ದ (1877–1931). ಜಾಝ್‌ನ ಆದಿಪುರುಷರಲ್ಲಿ ಒಬ್ಬನೆಂದು ಅವನನ್ನು ಕೊಂಡಾಡುತ್ತಾರೆ. ಆದರೆ ಅವನು ನುಡಿಸಿದ ಒಂದು ಸ್ವರವೂ ಇಂದು ಕೇಳಲು ಸಿಗುವುದಿಲ್ಲ. ಅವನ ಯಾವ ಧ್ವನಿಮುದ್ರಣವೂ ಉಳಿದಿಲ್ಲ. 1917ರಲ್ಲಿ ಮೊದಲ ಜಾಝ್ ತಟ್ಟೆ ಹೊರಬಂದಾಗ ಅದರಲ್ಲಿ ನುಡಿಸಿದವರು ಬಿಳಿಯರು. ಕಪ್ಪು ಜನರ ಸಂಗೀತ, ಮೊದಲ ತಟ್ಟೆಯ ಕೀರ್ತಿ ಬೇರೆಯವರಿಗೆ!

ಮುಂದೆ ಈ ಅನ್ಯಾಯವನ್ನು ಒಂದಿಷ್ಟಾದರೂ ಸರಿಪಡಿಸಿದ್ದು ಧ್ವನಿಮುದ್ರಣವೇ. 1928ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ನುಡಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಆರಂಭವಾಗುವುದೇ ಅವರ ಒಂಟಿ ತುತ್ತೂರಿಯಿಂದ. ಪಕ್ಕವಾದ್ಯವಿಲ್ಲದ ಆ ಕೆಲವೇ ಕ್ಷಣಗಳ ಆಲಾಪನೆ ಜಾಝ್‌ನ ದಿಕ್ಕನ್ನೇ ಬದಲಿಸಿತು ಎನ್ನುವವರಿದ್ದಾರೆ. 1959ರಲ್ಲಿ ಮೈಲ್ಸ್ ಡೇವಿಸ್ ತಮ್ಮ ಸಂಗಡಿಗರನ್ನು ಕೂಡಿಕೊಂಡು ‘ಕೈಂಡ್ ಆಫ್ ಬ್ಲೂ’ ಮುದ್ರಿಸಿದರು. ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನಗಳ ಕೆಲಸ. ಸ್ಯಾಕ್ಸೊಫೋನ್‌ನಲ್ಲಿ ಜಾನ್ ಕೋಲ್ಟ್ರೇನ್, ಕ್ಯಾನನ್‌ಬಾಲ್ ಆಡರ್ಲಿ. ಪಿಯಾನೊದಲ್ಲಿ ಬಿಲ್ ಇವಾನ್ಸ್, ಒಂದು ರಚನೆಗೆ ಮಾತ್ರ ವಿಂಟನ್ ಕೆಲಿ. ಬಾಸ್‌ನಲ್ಲಿ ಪಾಲ್ ಚೇಂಬರ್ಸ್. ಡ್ರಮ್‌ನಲ್ಲಿ ಜಿಮ್ಮಿ ಕಾಬ್. ಒಂದೇ ರಚನೆಗೆ ನುಡಿಸಿದವರ ಹೆಸರನ್ನೂ ಮುದ್ರಣದ ದಿನವನ್ನೂ ದಾಖಲಿಸುವುದು ಜಾಝ್ ಲೋಕದ ಶಿಸ್ತು. 2020ರಲ್ಲಿ ಜಿಮ್ಮಿ ಕಾಬ್ ತೀರಿಕೊಂಡಾಗ, ಆ ತಟ್ಟೆಯ ಕೊನೆಯ ಕೊಂಡಿ ಕಳಚಿತೆಂದು ರಸಿಕರು ಮರುಗಿದರು. ಹಿಂದೆ ಕುಳಿತು ತಾಳ ಹಿಡಿದವನಿಗೂ ಚರಿತ್ರೆಯಲ್ಲಿ ಜಾಗ ಸಿಕ್ಕಿತ್ತು.

ಈ ಪರಂಪರೆಯ ಒಂದು ಎಳೆ ನಮ್ಮ ಬೆಂಗಳೂರನ್ನೂ ಮುಟ್ಟಿದೆ. ಚಾರ್ಲ್ಸ್ ಮಿಂಗಸ್ ಅವರ 1963ರ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ ಧ್ವನಿಮುದ್ರಣದಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಚಾರ್ಲಿ ಮೇರಿಯಾನೊ (1923–2009) ಮುಂದೆ ನಾಗಸ್ವರವನ್ನು ಕಲಿತು ದಕ್ಷಿಣ ಭಾರತದ ಸಂಗೀತಕ್ಕೆ ಮನಸೋತವರು. ಬೆಂಗಳೂರಿನಲ್ಲಿ 1964ರಲ್ಲಿ ಆರಂಭವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನ ಕಲಾವಿದರೊಡನೆ ಅವರು 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಗಾಯನ ಆರ್.ಎ. ರಮಾಮಣಿ, ಮೃದಂಗ ಟಿ.ಎ.ಎಸ್. ಮಣಿ, ಘಟ ಮತ್ತು ಮೋರ್ಸಿಂಗ್ ಆರ್.ಎ. ರಾಜಗೋಪಾಲ್, ಖಂಜಿರ ಟಿ.ಎನ್. ಶಶಿಕುಮಾರ್. ಜರ್ಮನಿಯ ಪ್ರತಿಷ್ಠಿತ ಇಸಿಎಂ ಸಂಸ್ಥೆ ಅದನ್ನು ಪ್ರಕಟಿಸಿತು. ಸ್ವರವೂ ಕೊನ್ನಕ್ಕೋಲಿನ ಜತಿಯೂ ಸ್ಯಾಕ್ಸೊಫೋನಿನೊಡನೆ ಸರಿಸಮನಾಗಿ ಮಾತನಾಡುವ ಆ ಮುದ್ರಿಕೆಯನ್ನು ಯುರೋಪಿನ ಜಾಝ್ ಪ್ರಿಯರು ಬಲ್ಲರು. ನಮ್ಮವರಲ್ಲಿ ಬಲ್ಲವರು ಎಷ್ಟು ಮಂದಿ? ಆದರೂ ಅಲ್ಲಿ ಖಂಜಿರ ನುಡಿಸಿದವರು ಯಾರೆಂದು ನಾಲ್ಕು ದಶಕಗಳ ನಂತರವೂ ಹೇಳಬಹುದು.

ಇದೇ ಪ್ರಶ್ನೆಯನ್ನು ಕೊಟ್ಟೂರಿನ ತೇರಿನ ಮುಂದೆ ಕೇಳಿ ನೋಡೋಣ. ಹೊಸಪೇಟೆಯೊಂದನ್ನು ಬಿಟ್ಟರೆ 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯೆಂದರೆ ಈ ಐದು ತಾಲ್ಲೂಕುಗಳೇ. ಇಲ್ಲಿನ ಜಾತ್ರೆಗಳ ವಿಡಿಯೊಗಳಿಗೆ ಅಂತರ್ಜಾಲದಲ್ಲಿ ಕೊರತೆಯಿಲ್ಲ. ತೇರಿನ ಎತ್ತರ, ಜನಸಂದಣಿ, ಗಣ್ಯರ ಆಗಮನ ಎಲ್ಲವೂ ಅಲ್ಲಿರುತ್ತವೆ. ಸಮಾಳ ಬಾರಿಸಿದವನ ಹೆಸರು ಸಿಗುವುದು ಮಾತ್ರ ಅಪರೂಪ. ವೇದಿಕೆಯಲ್ಲಿಯೂ ಅವನು ‘ಜಾನಪದ ಕಲಾತಂಡ’ದಲ್ಲಿ ಕರಗಿಹೋಗುತ್ತಾನೆ. ಜಾನಪದಕ್ಕೆ ಕರ್ತೃವಿಲ್ಲ ಎಂಬ ಮಾತನ್ನು ನಾವು ವಾದಕನೇ ಇಲ್ಲ ಎಂಬಷ್ಟು ದೂರ ಎಳೆದಿದ್ದೇವೆ.

ಬೇರೆ ದಾರಿ ಇಲ್ಲವೆಂದಲ್ಲ. ಪಕ್ಕದ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರು 2014ರಲ್ಲಿ ತೀರಿಕೊಂಡರು. ಅಕ್ಷರ ಕಲಿಯದ ಆ ತಾಯಿಯ ಕಂಠದಲ್ಲಿದ್ದ ಬುರ್ರಕಥೆಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬರಹಕ್ಕಿಳಿಸಿ ಪ್ರಕಟಿಸಿತು. ಅವರ ಹೆಸರು ಉಳಿಯಿತು. ಕಥೆಗೆ ಸಿಕ್ಕ ಗೌರವ ಲಯಕ್ಕೂ ಸಿಗಬೇಡವೇ? ಪುಸ್ತಕ ಪದವನ್ನು ಉಳಿಸಬಲ್ಲದು, ಪೆಟ್ಟಿನ ಗತ್ತನ್ನು ಉಳಿಸಲಾರದು. ಅದಕ್ಕೆ ಧ್ವನಿಮುದ್ರಣವೇ ಬೇಕು.

ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ವಿಶ್ವವಿದ್ಯಾಲಯ, ಆಕಾಶವಾಣಿ, ತಾಲ್ಲೂಕಿನ ಕಾಲೇಜುಗಳು ಮನಸ್ಸು ಮಾಡಿದರೆ ಮುಂದಿನ ಮಾಘದೊಳಗೆ ಕೆಲಸ ಆರಂಭವಾದೀತು. ಜಾತ್ರೆಯ ಗದ್ದಲದಿಂದ ದೂರ, ವಾದಕರನ್ನು ಕೂರಿಸಿ, ತಕ್ಕ ಸಂಭಾವನೆ ಕೊಟ್ಟು, ಶ್ರದ್ಧೆಯಿಂದ ಮುದ್ರಿಸಿಕೊಳ್ಳಬೇಕು. ಪ್ರತಿ ಮುದ್ರಣದ ಜೊತೆಗೂ ಅವರ ಒಪ್ಪಿಗೆ ಪಡೆದು ನಾಲ್ಕು ಸಂಗತಿಗಳನ್ನು ಬರೆದಿಡಬೇಕು: ವಾದಕನ ಹೆಸರು, ಊರು, ಕಲಿಸಿದವರು, ದಿನಾಂಕ.

ನ್ಯೂ ಆರ್ಲಿಯನ್ಸಿನವರಿಗೆ ಬೋಲ್ಡನ್ನನ ಹೆಸರು ಉಳಿದಿದೆ, ನಾದ ಉಳಿದಿಲ್ಲ. ನಮ್ಮ ಬಳಿ ನಾದ ಇನ್ನೂ ಇದೆ, ಹೆಸರು ಅಳಿಸಿಹೋಗುತ್ತಿದೆ. ಎರಡನ್ನೂ ಕೂಡಿಸಿ ಮುಂದಿನವರ ಕೈಗಿಡುವ ಕಾಲ ನಮಗಿನ್ನೂ ಮೀರಿಲ್ಲ.